ಹತ್ತರವರೆಗೆ ಎಣಿಸಿದ ಅಜ್ಜಿ

ಗೆಳೆಯರೇ, ಇವತ್ತು ಮಧ್ಯಾಹ್ನ ಇಂಡಿ ಪಟ್ಟಣದಲ್ಲಿ ಅಗರಖೇಡ ಊರಿಗೆ ಹೋಗುವ ಟೆಂಪೋ ಹತ್ತಿ ಅರ್ಧ ತಾಸು ಬೆವರುತ್ತ ಕೂತಿದ್ದೆ. ಖಾಲಿ ಇದ್ದದ್ದು ಒಂದೇ ಸೀಟು. ಅದು ತುಂಬದೆ ಗಾಡಿ ಬಿಡುವುದಿಲ್ಲ ಎಂದು ಡ್ರೈವರನ ಹಟ.

ನನ್ನ ಪಕ್ಕ ಕೂತಿದ್ದ ಅಜ್ಜಿಗೆ ಸಾಕಾಯಿತು. "ಹತ್ತರ ತನಕ ಎಣಸ್ತೇನಿ. ಅಷ್ಟ್ರಾಗ ಬಿಡ್ಲಿಲ್ಲಂದ್ರ ನಾವೆಲ್ಲಾರೂ ಇಳಿತೇವಿ ನೋಡು!"

"ಇಳೀರಿ ಆಯಿ. ಹಿಂದಿನ ಗಾಡಿ ಇನ್ನೂ ಪೂರಾ ಖಾಲಿ ಐತಿ" ಎಂದ ಡ್ರೈವರ್, ಎಲೆ ಅಡಿಕೆ ಜಗಿಯುತ್ತಲೇ.

ಅಜ್ಜಿ ಎಣಿಸಿದಳು. ಹತ್ತು ಎಂದವಳೇ ಸಂತೆಚೀಲವನ್ನು ಸೀಟಿನಲ್ಲೇ ಬಿಟ್ಟು ಇಳಿದಳು. ತಿರುಗಿ ನೋಡಿದರೆ 'ನಾವೆಲ್ಲಾರೂ' ಕೂತಲ್ಲೇ ಕೂತಿದ್ದೆವು! ನಾನಂತೂ ಕಿಟಕಿಯಾಚೆ ಮುಖ ತಿರುಗಿಸಿದೆ.

ಅಜ್ಜಿ ಒಂದು ಗಳಿಗೆ ನಿಂತಳು. ಸೆರಗು ಸಿಕ್ಕಿಸಿಕೊಂಡು ಮತ್ತೆ ಹತ್ತಿ, ಆ ಖಾಲಿ ಸೀಟಿನಲ್ಲಿ ಕೂತಳು. "ನಿನಗ ಬೇಕಾದ ಸೀಟು ತುಂಬೇತಿ. ಈಗ ಬಿಡು ಗಾಡಿ!"

"ಮತ್ತ ನಿಮ್ಮ ಮೊದಲಿನ ಸೀಟು?"

"ಅದರಾಗ ನನ್ನ ಚೀಲ ಕುಂತೈತಲ್ಲ!"

ಇಡೀ ಗಾಡಿ ನಕ್ಕಿತು. ಡ್ರೈವರನೂ ನಗುತ್ತಲೇ ಗಾಡಿ ಶುರು ಮಾಡಿದ.

ಗಡುವು ಕೊಟ್ಟು ಇಳಿದುಹೋದವರನ್ನು ಬಹಳ ಕಂಡಿದ್ದೇನೆ. ಮತ್ತೆ ಹತ್ತಿ ಗೆದ್ದವಳನ್ನು ಕಂಡದ್ದು ಇವತ್ತೇ.