ಅಗಸಿಯಾಚೆಗೂ ಕೇಳಿದ ಎರ್ರೆಮ್ಮನ ಹಲಗೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕೂಡ್ಲಿಗಿ ಸೀಮೆಯ ಮುತ್ತುಗದಕಟ್ಟೆಯಲ್ಲಿ, ಕೇರಿಯ ತಮ್ಮ ಮನೆಯ ಮುಂದೆ, ಎರ್ರೆಮ್ಮ ಜೋಳದ ದಂಟಿಗೆ ಬೆಂಕಿ ಹಚ್ಚಿ ತಮಟೆಯಂಥ ಹಲಗೆಯನ್ನು ಕಾಯಿಸುತ್ತಿದ್ದಾರೆ. ಇಬ್ಬನಿಗೆ ಮೆತ್ತಗಾದ ಚರ್ಮ ಬಿಗಿಯಾಗಬೇಕು. ಬೆರಳಿನಿಂದ ತಟ್ಟಿ, ಕಿವಿ ಕೊಟ್ಟು, ಮತ್ತೆ ಉರಿಯ ಮೇಲೆ ಹಿಡಿಯುತ್ತಾರೆ. "ರೊಟ್ಟಿ ಸುಟ್ಟಂಗ ನೋಡ್ರಿ ಇದು. ಹಸಿ ಇದ್ರೂ ಕೆಲ್ಸಿಲ್ಲ, ಹೊತ್ತಿದ್ರೂ ಕೆಲ್ಸಿಲ್ಲ" ಎಂದು, ಅವರ ಕತೆ ಕೇಳಲು ಬಂದ ನನ್ನ ಕಡೆ ತಿರುಗಿ ನಗುತ್ತಾರೆ.

ಎರ್ರೆಮ್ಮ ಈ ಊರಿಗೆ ಡಂಗುರ ಸಾರುವವರು. ಮೊದಲು ಗಂಡ ಪಾಲಣ್ಣ ಸಾರುತ್ತಿದ್ದರು. ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಹಲಗೆ ಹೆಂಡತಿಯ ಹೆಗಲೇರಿತು. ಹೆಂಗಸು ಹಲಗೆ ಹಿಡಿದರೆ ಮಳೆ ಹೋಗುತ್ತದೆ ಎಂದವರಿದ್ದರು. ಆ ವರ್ಷ ಹಳ್ಳ ದಡ ಮೀರಿ ಹರಿಯಿತು, ಅಂದವರು ತೆಪ್ಪಗಾದರು.

ಇಂದು ಸಾರಬೇಕಾಗಿರುವುದು ಊರಿನ ಹಣೆಬರಹದ ಸುದ್ದಿ. ಗ್ರಾಮ ಪಂಚಾಯಿತಿಯ ಅವಧಿ ಎಂದೋ ಮುಗಿದಿದೆ. ಬೆಳೆದಿರುವ ಊರನ್ನು ಪಟ್ಟಣ ಪಂಚಾಯಿತಿ ಮಾಡಬೇಕೋ, ಹಳ್ಳಿಯಾಗಿಯೇ ಬಿಡಬೇಕೋ ಎಂಬುದು ಬಗೆಹರಿಯದೆ ಚುನಾವಣೆಯೂ ನಿಂತಿದೆ. ಮಂಗಳವಾರ ಮಂಗಳವಾರ ಆಡಳಿತಾಧಿಕಾರಿ ಬಂದು ಸಹಿ ಹಾಕಿ ಹೋಗುತ್ತಾರೆ. ಉಳಿದ ದಿನ ಊರಿಗೆ ಹೇಳೋರಿಲ್ಲ, ಕೇಳೋರಿಲ್ಲ. ಬೀದಿದೀಪ ಕೆಟ್ಟರೂ ಜನ ಎರ್ರೆಮ್ಮನನ್ನೇ ಬೈಯುತ್ತಾರೆ. ಸರ್ಕಾರದ ಪೈಕಿ ಕಣ್ಣಿಗೆ ಬೀಳುವುದು ಈ ತಾಯಿ ಒಬ್ಬರೇ.

ಇದೇ ವಿಷಯಕ್ಕೆ ಹಿಂದಿನ ಮಂಗಳವಾರವೂ ಸಭೆ ಸೇರಿತ್ತು. ಎಲ್ಲರಿಗೂ ತಿಳಿಸು ಎಂದು ಆಡಳಿತಾಧಿಕಾರಿ ಸಾಹೇಬರು ಹೇಳಿದ್ದರು. ಎರ್ರೆಮ್ಮ ಗಂಡ ಕಲಿಸಿದ ದಾರಿಯಲ್ಲೇ ಹೋದರು: ಊರಬಾಗಿಲಾದ ಅಗಸಿಯಿಂದ ಹೊರಟು, ಬೀದಿಗಳನ್ನು ಸುತ್ತಿ, ಮತ್ತೆ ಅಗಸಿಗೇ ಬಂದು ನಿಲ್ಲಿಸುವುದು. ಅಗಸಿಯ ಹೊರಗೆ ಡಂಗುರ ಹೊಡೆಯುವ ಪದ್ಧತಿ ಅಜ್ಜನ ಕಾಲದಿಂದಲೂ ಇಲ್ಲ. ಕೇರಿ ಇರುವುದು ಹೊರಗೆ. ಬಸ್‌ಸ್ಟ್ಯಾಂಡ್ ಹಿಂದಿನ ಜನತಾ ಮನೆಗಳೂ ಹೊರಗೆ.

ಸಭೆಯಲ್ಲಿ ಕೈಗಳೆದ್ದವು. ಹಳ್ಳಿಯೇ ಇರಲಿ, ಪಟ್ಟಣದ ಹೆಚ್ಚಿನ ಕಂದಾಯದ ಕಾಟ ಬೇಡ ಎಂದು ತೀರ್ಮಾನವೂ ಆಯಿತು. ಹಿಂದೆ ನಿಂತಿದ್ದ ಎರ್ರೆಮ್ಮ ಎದ್ದ ಕೈಗಳಲ್ಲಿ ತಮ್ಮವರನ್ನು ಹುಡುಕಿದರು. "ನಮ್ಮ ಕೇರಿಯವ್ರು ಒಬ್ರೂ ಬಂದಿದ್ದಿಲ್ರಿ. ನಾನ ಅವ್ರಿಗೆ ಹೇಳಿದ್ದಿಲ್ಲ. ನನ್ನ ಮನಿ ಮುಂದ ನಾನ ಹಲಗಿ ಹೊಡದಿದ್ದಿಲ್ಲ" ಎನ್ನುತ್ತಾರೆ.

ಜೀಪು ಹತ್ತುತ್ತಿದ್ದ ಸಾಹೇಬರಿಗೆ ಅಡ್ಡ ನಿಂತು, "ತಪ್ಪಾಗೈತ್ರಿ, ಅರ್ಧ ಊರಿಗೆ ಸುದ್ದಿ ಮುಟ್ಟಿಲ್ಲ" ಎಂದುಬಿಟ್ಟರು. ಪುಣ್ಯಕ್ಕೆ ಕಿವಿ ಇದ್ದ ಮನುಷ್ಯ. ಸಭೆಯನ್ನು ಇವತ್ತಿಗೆ ಮತ್ತೆ ಕರೆದರು. ಆದರೆ ಕಿರಾಣಿ ಅಂಗಡಿಯ ಹಾಲಸ್ವಾಮಿ ಎಚ್ಚರಿಕೆ ಕೊಟ್ಟರಂತೆ: "ಎರ್ರೆಮ್ಮಾ, ಪಟ್ಟಣ ಪಂಚಾಯ್ತಿ ಆದ್ರ ಆಟೋಕ್ಕ ಮೈಕ್ ಕಟ್ತಾರ. ನಿನ್ನ ಹಲಗಿ ಯಾರು ಕೇಳ್ತಾರ? ನಿನ್ನ ಕಾಲ ಮ್ಯಾಲ ನೀನ ಕಲ್ಲು ಹಾಕ್ಕೊಳ್ಳಾಕ ಹತ್ತೀದಿ." ಅವರು ಹೇಳಿದ್ದು ಸುಳ್ಳಲ್ಲ. ಈ ಕೆಲಸ ಹೋದರೆ ಎರ್ರೆಮ್ಮನಿಗೆ ಕೂಲಿಯೇ ಗತಿ. ಮಲಗಿದ ಗಂಡನನ್ನು ಬಿಟ್ಟು ಇಡೀ ದಿನ ಹೊಲಕ್ಕೆ ಹೋಗುವುದು ಹೇಗೆ ಎಂಬುದೊಂದೇ ಅವರ ಚಿಂತೆ.

ಹಲಗೆ ಕಾದಿದೆ. ಇಂದು ಎರ್ರೆಮ್ಮ ಮೊದಲು ಅಗಸಿಯ ಕಡೆ ಹೋಗುವುದಿಲ್ಲ. ತಮ್ಮ ಮನೆಯ ಮುಂದೆಯೇ ನಿಂತು ಮೊದಲ ಪೆಟ್ಟು ಹಾಕುತ್ತಾರೆ. "ಕೇಳ್ರಪ್ಪೋ ಕೇಳ್ರೀ! ಊರಿನ ಆಡಳಿತ ಹೆಂಗಿರಬೇಕಂತ ಕೇಳಾಕ ಇವತ್ತು ಮಧ್ಯಾಹ್ನ ಸಾಲಿ ಬಯಲಿಗೆ ಸಾಹೇಬ್ರು ಬರ್ತಾರ. ಹೆಣ್ಣು ಗಂಡು ಎಲ್ರೂ ಬರ್ರೀ!" ಬಾಗಿಲುಗಳು ತೆರೆಯುತ್ತವೆ. ಚೊಂಬು ಹಿಡಿದವರು ಹಿಡಿದಂತೆಯೇ ನಿಲ್ಲುತ್ತಾರೆ. ಈ ಕೇರಿಯವರು ಊರಿಗೆಲ್ಲ ಡಂಗುರ ಹೊಡೆದಿದ್ದಾರೆ. ತಮ್ಮನ್ನು ಕರೆಯುವ ಡಂಗುರ ಕೇಳುತ್ತಿರುವುದು ಇದೇ ಮೊದಲು.

ಹಲಗೆ ಜನತಾ ಮನೆಗಳನ್ನೂ ಅಗಸಿಯೊಳಗಿನ ಬೀದಿಗಳನ್ನೂ ಸುತ್ತಿ ಬಂದಿದೆ; ಮಧ್ಯಾಹ್ನ ಶಾಲೆಯ ಬಯಲು ತುಂಬಿದೆ. ಹಾಲಸ್ವಾಮಿ ಕಂದಾಯದ ಮಾತೆತ್ತುತ್ತಾರೆ. ಜನತಾ ಮನೆಗಳ ಪಕ್ಕೀರಮ್ಮ ಎದ್ದು, "ಕಂದಾಯ ಕೊಡ್ತೀವ್ರಿ. ನಮಗೂ ನಳ ಹಾಕ್ರಿ, ಗಟಾರ ಕಟ್ರಿ. ನಮ್ಮ ಓಣಿಗೂ ಒಬ್ಬ ಮೆಂಬರ್ ಇರ್ಲಿ" ಎನ್ನುತ್ತಾರೆ. ಪಟ್ಟಣ ಪಂಚಾಯಿತಿ ಬೇಕೆನ್ನುವವರು ಕೈ ಎತ್ತಿ ಎಂದು ಸಾಹೇಬರು ಹೇಳಿದಾಗ ಅಗಸಿಯಾಚೆಯ ಜನವೆಲ್ಲ ಕೈ ಎತ್ತುತ್ತದೆ. ಎರ್ರೆಮ್ಮ ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾವೂ ಕೈ ಎತ್ತುತ್ತಾರೆ.

ಪಟ್ಟಣ ಪಂಚಾಯಿತಿಯೇ ಆಗಲಿ ಎಂಬ ತೀರ್ಮಾನವನ್ನು ಸಾರುವ ಕೆಲಸವೂ ಅವರದೇ. ಸಂಜೆ ಮತ್ತೆ ತಮ್ಮ ಮನೆಯಿಂದಲೇ ಶುರು ಮಾಡುತ್ತಾರೆ. ಬಾಗಿಲ ಬಳಿ ಮಂಚದ ಮೇಲೆ ಒರಗಿರುವ ಪಾಲಣ್ಣ ಎಡಗೈ ಬೆರಳಿನಿಂದ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಾ, ತೊದಲುತ್ತಲೇ ಗದರುತ್ತಾರೆ: "ಲೇ, ಕಡೀ ಪೆಟ್ಟು ಮೆತ್ತಗ ಬಿತ್ತು. ಬಿಗಿ ಹೊಡಿ!"

"ಮೈಕ್ ಬಂದ ಮ್ಯಾಲ ಅದಕ್ಕ ಬೈಯುವಂತಿ" ಎಂದು ಎರ್ರೆಮ್ಮ ನಗುತ್ತಾರೆ. ಮುಂದೇನು ಎಂದು ನಾನು ಕೇಳಿದಾಗ ಹೇಳುತ್ತಾರೆ: "ಕೂಲಿನಾರ ಮಾಡ್ತೀನ್ರಿ. ಆದ್ರ ಆ ಮೈಕಿನ ಆಟೋ ಅಗಸಿ ಹತ್ರ ತಿರುಗಿ ಹೋಗಬಾರ್ದು, ನಮ್ಮ ಕೇರಿಗೂ ಬರಬೇಕು. ಆಮ್ಯಾಲ ಇಡೀ ಊರು ಮರೀಲಿ, ಈ ಕೇರಿಗೆ ಮೊದ್ಲು ಡಂಗುರ ಹೊಡದಾಕಿ ನಾನ."

ಕಡೆಯ ಪೆಟ್ಟನ್ನು ಬಿಗಿಯಾಗಿ ಹಾಕಿ, ಅಗಸಿಯ ಕಡೆ ಹೆಜ್ಜೆ ಇಡುತ್ತಾರೆ.