ಎರಡು ಸ್ವಿಚ್ಚಿನ ದೀಪ

ಅಕ್ಕಿಆಲೂರಿನ ಕರಿಬಸಪ್ಪನವರ ಅಕ್ಕಿ ಗಿರಣಿಯಲ್ಲಿ ಎಣ್ಣೆ ಎಂಜಿನ್ನಿಗೆ ಪಟ್ಟಾ ಹಾಕಿ ಒಂದು ಡೈನಮೋ ತಿರುಗಿಸುತ್ತಿದ್ದರು. ಎಂಜಿನ್ನು ನಡೆದಷ್ಟು ಹೊತ್ತು ಗಿರಣಿಗೂ ಪಕ್ಕದ ಮನೆಗೂ ಕರೆಂಟು ಇರುತ್ತಿತ್ತು. ಆ ತಂತಿಗಳನ್ನೆಲ್ಲ ಎಳೆದವನು ಹುಸೇನಸಾಬ. ಹುಬ್ಬಳ್ಳಿಯಲ್ಲಿ ಒಬ್ಬ ಮುದುಕ ಮೇಸ್ತ್ರಿಯ ಕೈಕೆಳಗೆ ಆರು ವರ್ಷ ಕಲಿತು ಊರಿಗೆ ಮರಳಿದ್ದ. ಕಡಿಮೆ ಮಾತಿನ, ಅಚ್ಚುಕಟ್ಟಾದ ಕೆಲಸಗಾರ.

೧೯೪೨ರಲ್ಲಿ ಕರಿಬಸಪ್ಪ ಮೋಟಾರು ಕಾರು ಕೊಂಡರು. ಹಿತ್ತಲಿನ ಆಚೆ ತುದಿಯಲ್ಲಿ ತಗಡಿನ ಮೋಟಾರು ಶೆಡ್ಡು ಎದ್ದಿತು. ನಡುವಿನ ಅಂಗಳದಲ್ಲಿ ಒಂದು ಕಬ್ಬಿಣದ ಕಂಬ, ಅದಕ್ಕೊಂದು ದೀಪ. ಮನೆಯಿಂದ ಹಚ್ಚಿ ಶೆಡ್ಡಿನಲ್ಲಿ ಆರಿಸಬೇಕು, ಶೆಡ್ಡಿನಿಂದ ಹಚ್ಚಿ ಮನೆಯಲ್ಲಿ ಆರಿಸಬೇಕು ಎಂಬುದು ಅವರ ಆಸೆ. ಅದಕ್ಕೆ ಬೇಕಾದಷ್ಟು ತಂತಿ ಯುದ್ಧದ ದಿನಗಳಲ್ಲಿ ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಬೀಗರು ಬರುವ ದಿನ ಹತ್ತಿರವಾಗಿತ್ತು. ಇದ್ದುದರಲ್ಲಿ ಮುಗಿಸೆಂದು ಕರಿಬಸಪ್ಪ ದಿನವೂ ಕಾಡಿದರು.

ಕಡಿಮೆ ತಂತಿಯಲ್ಲಿ ಮುಗಿಸುವ ಒಂದು ಒಳದಾರಿ ಹುಸೇನಸಾಬನಿಗೆ ಗೊತ್ತಿತ್ತು. ಮನೆಗೂ ಶೆಡ್ಡಿಗೂ ಮೊದಲೇ ಕರೆಂಟು ಬಂದಿದ್ದರಿಂದ, ಎರಡೂ ಕಡೆಯಿಂದ ದೀಪಕ್ಕೆ ಒಂದೊಂದೇ ತಂತಿ ಎಳೆದರೆ ಸಾಕು. ಆದರೆ ಹಾಗೆ ಮಾಡಿದರೆ ಕೆಲವು ಸಲ ದೀಪ ಆರಿದ್ದರೂ ಅದರ ಎರಡೂ ತಂತಿಗಳಲ್ಲಿ ಕರೆಂಟು ನಿಂತಿರುತ್ತದೆ. ಮುದುಕ ಮೇಸ್ತ್ರಿ ಇದನ್ನು ತೋರಿಸಿಕೊಟ್ಟು, ಎಂದೂ ಮಾಡಬೇಡ ಎಂದಿದ್ದ. ಹುಸೇನಸಾಬ ಮಾಡಿದ. ಮುಂದೆ ತಂತಿ ಸಿಕ್ಕಾಗ ಬದಲಿಸಿದರಾಯಿತು ಎಂದುಕೊಂಡ. ದೀಪ ಹತ್ತಿತು, ಆರಿತು. ಬೀಗರು ನೋಡಿ ಬೆರಗಾದರು.

ಅಂಗಳದ ಕೆಲಸವೆಲ್ಲ ಭರಮಪ್ಪನದು. ಅವನ ಹೆಂಡತಿ ಅನ್ನವ್ವ ಅದೇ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಬಲ್ಬು ಒರೆಸುವ ಮೊದಲು ದೀಪ ಆರಿಸು, ಆಮೇಲೆ ಹಿಡಿ ಎಂದು ಭರಮಪ್ಪನಿಗೆ ಹೇಳಿಕೊಟ್ಟವನು ಹುಸೇನಸಾಬನೇ.

ಮರುವರ್ಷದ ಮಳೆಗಾಲದ ಒಂದು ಮಧ್ಯಾಹ್ನ ಮೋಡ ಕವಿದು ಕತ್ತಲಾಗಿದ್ದರಿಂದ ದೀಪ ಹಚ್ಚಿದ್ದರು. ಬಲ್ಬಿಗೆ ಹುಳ ಮೆತ್ತಿಕೊಂಡಿದ್ದವು. ಭರಮಪ್ಪ ಏಣಿ ಹಾಕಿ, ದೀಪ ಆರಿಸು ಎಂದು ಹೆಂಡತಿಗೆ ಕೂಗಿದ. ಅವಳು ಮನೆಯ ಸ್ವಿಚ್ಚು ಒತ್ತಿದಳು, ದೀಪ ಆರಿತು. ಅವನು ಒದ್ದೆಯಾದ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಬಲ್ಬು ಬಿಚ್ಚಹೋದ. ಗಿರಣಿಯವರು ಓಡಿ ಬಂದು ಎಂಜಿನ್ನು ನಿಲ್ಲಿಸುವ ಹೊತ್ತಿಗೆ ಅವನ ಜೀವ ಹೋಗಿತ್ತು. ಬಲ್ಬು ಬಿದ್ದು ಚೂರಾಗಿತ್ತು.

ಹಾನಗಲ್ಲಿನಿಂದ ಪೊಲೀಸ್ ಫೌಜದಾರರು ಬಂದರು. ಮನೆಯ ಸ್ವಿಚ್ಚಿನ ಹಿಡಿ ಕೆಳಗಿತ್ತು. ಕೆಳಗಿದ್ದರೆ ದೀಪ ಹತ್ತಿದಂತೆ ಎಂದು ಅವರಿಗೆ ಗೊತ್ತಿದ್ದುದು ಅಷ್ಟೇ. ಎರಡು ಸ್ವಿಚ್ಚಿನ ಈ ದೀಪಕ್ಕೆ ಆ ಲೆಕ್ಕ ನಡೆಯದು ಎಂದು ಹೇಳಬಲ್ಲವನು ಹುಸೇನಸಾಬನೊಬ್ಬನೇ. ಅವನು ಗುಂಪಿನಲ್ಲಿ ನಿಂತಿದ್ದ, ಬಾಯಿ ತೆರೆಯಲಿಲ್ಲ. ಹೆಂಡತಿ ದೀಪ ಆರಿಸಿರಲಿಲ್ಲ ಎಂದು ಪಂಚನಾಮೆಯಾಯಿತು.

ಮೊದಮೊದಲು ಅನ್ನವ್ವ, ನಾನು ಆರಿಸಿದ್ದೆ ಎಂದು ಸಿಕ್ಕವರಿಗೆಲ್ಲ ಹೇಳಿದಳು. ತಿಂಗಳೊಪ್ಪತ್ತಿನಲ್ಲಿ ಅವಳಿಗೇ ಅನುಮಾನ ಹುಟ್ಟಿತು. ಹುಸೇನಸಾಬನ ಹೆಂಡತಿ ಮುನವ್ವರಾ ಬಾವಿಯಿಂದ ಬಂದು, ಅನ್ನವ್ವ ಗೋಡೆಯ ಮೇಲೆ ಬೆರಳು ಒತ್ತಿ ಒತ್ತಿ ನೋಡುತ್ತಾಳೆ, ಅನ್ನ ಬಿಟ್ಟಿದ್ದಾಳೆ ಎಂದಳು. ಹುಸೇನಸಾಬ ಉಣ್ಣುತ್ತಿದ್ದವನು ಎದ್ದ. ಕೈ ತೊಳೆದು ನೇರ ಅನ್ನವ್ವನ ಗುಡಿಸಲಿಗೆ ಹೋದ.

"ತಂಗಿ, ನೀ ದೀಪ ಆರಿಸಿದ್ದು ಖರೇನ. ಆರಿದ ಮ್ಯಾಲೂ ತಂತ್ಯಾಗ ಕರೆಂಟ್ ಇತ್ತು. ಹಂಗ ಜೋಡಿಸಿದಾಂವ ನಾನ. ನನಗ ಗೊತ್ತಿತ್ತು."

ಅನ್ನವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಅಂದಳು: "ಅವತ್ತ ಮಂದಿ ಮುಂದ ಯಾಕ ಹೇಳಲಿಲ್ರಿ, ಅಣ್ಣಾರ? ಈ ಕೈನ ಅವರನ್ನ ಕೊಂದಿತು ಅಂತ ಇಷ್ಟ ದಿನ ಇದರಿಂದ ನಾ ಉಂಡಿಲ್ಲ. ಈಗ ಹೋಗ್ರಿ, ಎಲ್ಲಾರ ಮುಂದ ಹೇಳ್ರಿ."

ಅವನು ಮೊದಲು ಕರಿಬಸಪ್ಪನವರ ಅಂಗಳಕ್ಕೆ ಹೋಗಿ ಆ ತಂತಿಗಳನ್ನು ಕತ್ತರಿಸಿ ಹಾಕಿದ. ಬರೆದದ್ದು ಬರೆದಾಗಿದೆ, ಸುಮ್ಮನಿರು ಎಂದು ಅವರು ತಡೆದರು. ಅವನು ಕೇಳಲಿಲ್ಲ. ಸಂತೆಯ ದಿನ ಚಾವಡಿಯ ಕಟ್ಟೆಯ ಮೇಲೆ ನಿಂತು, ಎಲ್ಲವನ್ನೂ ಹೇಳಿದ. ನಂತರ ಹಾನಗಲ್ಲಿಗೆ ನಡೆದುಹೋಗಿ ಫೌಜದಾರರ ಮುಂದೆ ಅದನ್ನೇ ಬರೆಸಿದ. ನಾಲ್ಕು ತಿಂಗಳ ಸಜೆಯಾಯಿತು. ತಂತಿ ಸಿಗದಿದ್ದುದನ್ನಾಗಲಿ ಸಾಹುಕಾರರು ಅವಸರ ಮಾಡಿದ್ದನ್ನಾಗಲಿ ಅವನು ಬಾಯಿಬಿಟ್ಟು ಹೇಳಲಿಲ್ಲ.

ಬಿಡುಗಡೆಯಾಗಿ ಬಂದ ಮೇಲೆ ಯಾರೂ ಅವನನ್ನು ತಂತಿಯ ಕೆಲಸಕ್ಕೆ ಕರೆಯಲಿಲ್ಲ. ಕರೆದಿದ್ದರೂ ಅವನು ಹೋಗುತ್ತಿರಲಿಲ್ಲ. ಕಂದೀಲುಗಳಿಗೆ ಬೆಸುಗೆ ಹಾಕುತ್ತ ದಿನ ದೂಡಿದ. ಅನ್ನವ್ವ ಅಷ್ಟರಲ್ಲಿ ರಟ್ಟೀಹಳ್ಳಿಯ ಅಣ್ಣನ ಮನೆ ಸೇರಿದ್ದಳು. ಹುಸೇನಸಾಬ ಒಂದು ಸಲ ಅಲ್ಲಿಗೆ ಹೋದ. ಅವಳು ಕೂಡಲು ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ. ನೀರು ತಂದಿಟ್ಟು ಒಂದೇ ಮಾತು ಕೇಳಿದಳು.

"ಅವರಿಗೆ ಬಾಳ ತ್ರಾಸ ಆಗಿತ್ತೇನ್ರಿ?"

"ಇಲ್ಲ, ತಂಗಿ. ಹಿಡಿದ ಗಳಿಗ್ಯಾಗ ಮುಗೀತು."

ಅದು ನಿಜವೋ ಅಲ್ಲವೋ ಅವನಿಗೆ ಗೊತ್ತಿರಲಿಲ್ಲ. ಅನ್ನವ್ವ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.