ನೀರು ಕೊಯ್ದ ತಾವರೆ

ಬೆಳಗಿನ ಆರು ಗಂಟೆ. ಹುಣಸೂರಿನಿಂದ ಕೆ.ಆರ್. ನಗರಕ್ಕೆ ಹೋಗುವ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಸುಕನ್ಯ ಬಿಳಿ ಅಮೃತಶಿಲೆಯ ಚಪ್ಪಡಿಯೊಂದನ್ನು ನೀರಿನ ತೊಟ್ಟಿಯ ಮೇಲೆ ಕೂರಿಸುತ್ತಾರೆ. ಕಿವಿಗೆ ಮುಚ್ಚಳ ಹಾಕಿಕೊಂಡು, ಯಂತ್ರಕ್ಕೆ ಕೈಮುಗಿದು ಗುಂಡಿ ಒತ್ತುತ್ತಾರೆ. ಸೂಜಿಯ ಕಣ್ಣಿನಂಥ ಮೂತಿಯಿಂದ ನೀರು ಸಿಡಿದು ಕಲ್ಲಿಗೆ ಇಳಿಯುತ್ತದೆ. ಶೆಡ್ಡೆಲ್ಲ ಕಿರಿಚಿದಂತಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಾವರೆಯ ಎಸಳೊಂದು ಬಿಡಿಯಾಗಿ ನಿಲ್ಲುತ್ತದೆ.

ಈ ಎಸಳನ್ನು ಅವರು ಹತ್ತು ದಿನದ ಹಿಂದೆ ಒಮ್ಮೆ ಕೊಯ್ದು ಕಳುಹಿಸಿದ್ದಾರೆ. ಈಗ ಕೊಯ್ಯುತ್ತಿರುವುದು ಎರಡನೆಯ ಸಲ. ಸರಗೂರಿನ ಆಚೆಯ ಹಳ್ಳಿಯೊಂದರ ಅಮ್ಮನ ಗುಡಿಯ ನೆಲಕ್ಕೆ ಶುಕ್ರವಾರದೊಳಗೆ ಇಪ್ಪತ್ನಾಲ್ಕು ಎಸಳೂ ಸೇರಬೇಕು.

"ಈ ಸಲ ಒಂದೊಂದನ್ನೂ ಬಸುರಿ ನಡೆದಂಗೆ ನಡೆಸ್ತಾ ಇದೀನಿ" ಎನ್ನುತ್ತಾರೆ, ಕಣ್ಣನ್ನು ಕಲ್ಲಿನಿಂದ ತೆಗೆಯದೆ.

ಗಾವಡಗೆರೆ ಹೋಬಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಸುಕನ್ಯರಿಗೆ ಈಗ ನಲವತ್ತೆರಡು ವರ್ಷ. ಹೊಗೆಸೊಪ್ಪು ಪೋಣಿಸುವ ಕೂಲಿಗೆ ಹೋಗುತ್ತಿದ್ದವರು ಹದಿಮೂರು ವರ್ಷದ ಹಿಂದೆ ಇಲ್ಲಿಗೆ ಕಸ ಗುಡಿಸಲು ಬಂದರು. ಯಂತ್ರ ನಡೆಸುತ್ತಿದ್ದ ಮಲಯಾಳಿ ಓಣಂ ಹಬ್ಬಕ್ಕೆ ಊರಿಗೆ ಹೋದವನು ಮರಳಲಿಲ್ಲ. ಎರಡು ವರ್ಷ ಪೊರಕೆ ಹಿಡಿದೇ ಅವನ ಕೆಲಸವನ್ನು ನೋಡಿ ಕಲಿತಿದ್ದ ಸುಕನ್ಯ, ಒಡೆದ ಟೈಲಿನಲ್ಲಿ ಒಂದು ಮಾವಿನಕಾಯಿ ಕೊಯ್ದು ಮಾಲೀಕ ಕಾಂತರಾಜು ಅವರ ಮೇಜಿನ ಮೇಲೆ ಇಟ್ಟರು. ಮರುದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

ನೀರಿನ ಜೊತೆ ಕೆಂಪು ಮರಳು ಬೆರೆತು ಹೋದರೇ ಕಲ್ಲು ಕೊಯ್ಯುವುದು. ಇಪ್ಪತ್ತೈದು ಕಿಲೋದ ಮರಳಿನ ಚೀಲ ದಿನಕ್ಕೆ ನಾಲ್ಕು ಬೇಕು. ಅವನ್ನು ಹೆಗಲ ಮೇಲೆ ಹೊತ್ತು ಸುರಿಯುವವರು ಸುಕನ್ಯರೇ. ಗೇಣುದ್ದ ಕೊಯ್ಯಲು ಎರಡು ನಿಮಿಷ. ಹತ್ತು ಹನ್ನೆರಡು ದಿನಕ್ಕೊಮ್ಮೆ ಮೂತಿ ಸವೆದು ಹೋಗುತ್ತದೆ. ಅಡುಗೆಕಟ್ಟೆಯ ಗ್ರಾನೈಟು, ಅಕ್ಕಿ ಗಿರಣಿಯ ಉಕ್ಕಿನ ತಗಡು, ರಬ್ಬರು, ಗಾಜು, ಏನು ಬಂದರೂ ಕೊಯ್ದುಕೊಡುತ್ತಾರೆ. ಸಂಜೆ ಮನೆಗೆ ಹೋದ ಮೇಲೂ ಕಿವಿಯಲ್ಲಿ ಜೀರುಂಡೆ ಕೂಗುತ್ತಲೇ ಇರುತ್ತದೆ.

ಅವರು ಕೊಯ್ದ ಕಲ್ಲನ್ನು ನೆಲಕ್ಕೆ ಕೂರಿಸುವವರು ಗಂಡ ಮಹೇಂದ್ರ. ನಾಲ್ಕು ತಾಲ್ಲೂಕಿನಲ್ಲಿ ಹೆಸರುವಾಸಿ. ಸುಕನ್ಯರ ಹೊಟ್ಟೆಯುರಿ ಹೊತ್ತಿಕೊಂಡದ್ದು ಅಲ್ಲೇ.

ಈ ಕಡೆಯ ಗುಡಿ, ಛತ್ರಗಳಲ್ಲಿ ಒಂದು ವಾಡಿಕೆಯಿದೆ. ನೆಲಗೆಲಸ ಮುಗಿದ ದಿನ ಕೊನೆಯ ಕಲ್ಲು ಕೂರಿಸಿದವನ ಹೆಸರು ಕೂಗಿ, ವೀಳ್ಯ ಕೊಟ್ಟು ಶಾಲು ಹೊದಿಸುತ್ತಾರೆ. ಹೋದ ವರ್ಷ ಪಿರಿಯಾಪಟ್ಟಣದ ಛತ್ರದಲ್ಲಿ ಸುಕನ್ಯ ಕೊಯ್ದ ಅರವತ್ತು ತುಂಡಿನ ನವಿಲು ನೆಲಕ್ಕೆ ಕೂತಾಗ ಮಹೇಂದ್ರರ ಹೆಸರನ್ನು ಕೂಗಿದರು. ಸುಕನ್ಯ ಹಿಂದುಗಡೆ ಮಜ್ಜಿಗೆ ಹಂಚುತ್ತಿದ್ದರು. ಲೋಟ ತೆಗೆದುಕೊಂಡ ಹೆಂಗಸೊಬ್ಬಳು, ನಿನ್ನ ಗಂಡನ ಕೈಯಲ್ಲಿ ದೇವರಿದ್ದಾನೆ ಎಂದಳಂತೆ.

"ಆ ಶಾಲು ಮನೇಲಿ ಗೂಟಕ್ಕೆ ನೇತಾಕವ್ರೆ. ದಿನಾ ಎದ್ರೆ ಅದರ ಮೊಕಾನೇ ನೋಡ್ಬೇಕು" ಎನ್ನುತ್ತಾರೆ ಸುಕನ್ಯ.

ಗುಡಿಯ ತಾವರೆ ಕೊಯ್ಯುವ ದಿನ ಆ ಉರಿ ಕೈಗೆ ಇಳಿಯಿತು. ಈ ನೀರಿಗೆ ಒಂದು ಗುಣವಿದೆ. ನಿಧಾನವಾಗಿ ನಡೆಸಿದರೆ ನೆಟ್ಟಗೆ ಇಳಿಯುತ್ತದೆ, ಓಡಿಸಿದರೆ ಓರೆಯಾಗಿ ಕೊಯ್ಯುತ್ತದೆ. ಓರೆ ಕೊಯ್ದ ತುಂಡು ಮೇಲೆ ಸರಿಯಾಗಿದ್ದು ತಳದಲ್ಲಿ ಕೂದಲೆಳೆಯಷ್ಟು ಅಗಲವಾಗುತ್ತದೆ, ನೆಲದ ಕರಿಕಲ್ಲಿನಲ್ಲಿ ಅದಕ್ಕೆಂದೇ ಕೊರೆದ ಗುಳಿಗೆ ಇಳಿಯದೆ ಸಿಕ್ಕಿಕೊಳ್ಳುತ್ತದೆ. ಇದನ್ನು ಚೆನ್ನಾಗಿ ಬಲ್ಲ ಸುಕನ್ಯ ಅಂದು ಬೇಕೆಂದೇ ವೇಗ ಹೆಚ್ಚಿಸಿದರು. ಅಷ್ಟೊಂದು ಕೈಚಳಕ ಇರುವವರು ಅಂಚು ಉಜ್ಜಿ ಕೂರಿಸಿಕೊಳ್ಳಲಿ ಎಂಬುದು ಅವರ ಮನಸ್ಸಿನಲ್ಲಿತ್ತು.

ಮಹೇಂದ್ರ ಎರಡು ದಿನ ಗುಡಿಯಲ್ಲಿ ಕೂತು ಉಜ್ಜಿದರು. ಏಳು ಎಸಳುಗಳ ಅಂಚು ಮುಕ್ಕಾಯಿತು. ಮೂರನೆಯ ದಿನ ಫೋನು ಮಾಡಿ, "ಎಸಳು ಕೂರ್ತಾ ಇಲ್ಲ ಕಣಮ್ಮಿ. ನಾನೇ ಅಳತೆ ತಪ್ಪಾಗಿ ಕೊಟ್ಟಿರ್ಬೇಕು" ಎಂದರು.

ಗಂಡ ಬೈದಿದ್ದರೆ ಸುಕನ್ಯ ಸುಮ್ಮನಿರುತ್ತಿದ್ದರೇನೋ. ಆದರೆ ಆ ಮಾತು ಕೇಳಿ ಅವರಿಗೆ ಮರುಕದ ಜೊತೆಗೇ ಇನ್ನಷ್ಟು ಉರಿಯಿತು. "ನೋಡಿ, ಮಾಡಿದ್ದ ಕೆಲಸ ಅವರ ಎಸರಿಗೆ ಓಯ್ತು. ಕೆಡಿಸಿದ್ದನ್ನೂ ಅವರೇ ತಗಂಡ್ರೆ ನಂಗೇನು ಉಳೀತು?"

ಅಂದೇ ಕಾಂತರಾಜು ಅವರಿಗೆ ನಡೆದದ್ದನ್ನು ಹೇಳಿದರು. ಬೈಗುಳ ತಿಂದು, ಭಾನುವಾರದ ರಜೆ ಬಿಟ್ಟು ಹೊಸದಾಗಿ ಕೊಯ್ದು ಕೊಡುವುದಾಗಿ ಒಪ್ಪಿಕೊಂಡರು. ಆಮೇಲೆ ಗಂಡನಿಗೆ ಫೋನು ಮಾಡಿದರು.

"ನಿಮ್ಮಳತೆ ಸರಿಯಾಗೇ ಇತ್ತು. ನಾನೇ ಓಡಿಸ್ಬುಟ್ಟೆ."

"ಯಾಕಮ್ಮಿ?"

"ಒಟ್ಟೆಕಿಚ್ಚಿಗೆ."

"ಯಾರ ಮ್ಯಾಲೆ?"

"ನಿಮ್ಮ ಮ್ಯಾಲೆ, ಇನ್ಯಾರ ಮ್ಯಾಲೆ?"

ಮಹೇಂದ್ರ, "ಒಂದ್ಸಲ ನೆಲಕ್ಕೆ ಊರಿ ಊರಿ ಸವೆದೋಗಿರೋ ನನ್ನ ಮಂಡಿ ನೋಡು. ಆಮೇಲೂ ಒಟ್ಟೆಕಿಚ್ಚು ಬಂದ್ರೆ ಪಡು" ಎಂದರಂತೆ. ಅದನ್ನು ಹೇಳುವಾಗ ಸುಕನ್ಯರ ಮುಖದಲ್ಲಿ ನಗು ಬರುತ್ತದೆ, ಅರ್ಧಕ್ಕೇ ನಿಲ್ಲುತ್ತದೆ.

ಶುಕ್ರವಾರ ಬೆಳಿಗ್ಗೆ ಗುಡಿಯಲ್ಲಿ ಎಸಳುಗಳು ಒಂದೊಂದಾಗಿ ಗುಳಿಗೆ ಇಳಿಯುತ್ತವೆ. ಮಹೇಂದ್ರ ಸುತ್ತಿಗೆ ಮುಟ್ಟುವುದಿಲ್ಲ, ಹೆಬ್ಬೆರಳಿನಿಂದ ಒತ್ತುತ್ತಾರೆ ಅಷ್ಟೆ. ಊರಿನ ಹಿರಿಯಳು ಪುಟ್ಟಮಲ್ಲಮ್ಮನಿಗೆ ಕಣ್ಣು ಮಂಜು. ಆಕೆ ಬರಿಗಾಲನ್ನು ತಾವರೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಎಳೆದು, "ಎಲ್ಲೂ ತೊಡರಾಕಿಲ್ವಲ್ಲಪ್ಪ, ಇಡೀ ಕಲ್ಲೇ ಇದ್ದಂಗದೆ" ಎನ್ನುತ್ತಾಳೆ.

ಊರ ಯಜಮಾನ ಮಹದೇವಪ್ಪನವರು ಮಹೇಂದ್ರರ ಹೆಸರು ಕೂಗುತ್ತಾರೆ. ಮಹೇಂದ್ರ ಕಷ್ಟಪಟ್ಟು ಮೇಲೆದ್ದು, ಕೊಯ್ದವಳು ತನ್ನ ಹೆಂಡತಿ, ಅವಳನ್ನೂ ಕರೆಯಿರಿ ಎನ್ನುತ್ತಾರೆ. ಮಹದೇವಪ್ಪನವರು ನಗುತ್ತಾರೆ. "ಕೊಯ್ಯೋದು ಮಿಷನ್ನು ಕಣಯ್ಯ. ಅವರು ಸ್ವಿಚ್ಚು ಆಕ್ತಾರೆ" ಎಂದು ಶಾಲು ಹೊದಿಸುತ್ತಾರೆ. ನೆರೆದವರೂ ನಗುತ್ತಾರೆ.

ಸುಕನ್ಯ ಕಂಬದ ಪಕ್ಕ ನಿಂತಿದ್ದಾರೆ. ಜನ ಪ್ರಸಾದಕ್ಕೆ ಎದ್ದ ಮೇಲೆ ಅಮ್ಮನಿಗೆ ಕೈಮುಗಿದು, ತಾವರೆಯ ಮೇಲೆ ಬಗ್ಗಿ ಒಂದು ಎಸಳಿನ ಅಂಚಿಗೆ ಉಗುರು ಹಾಕಿ ನೋಡುತ್ತಾರೆ. ಉಗುರು ಸಿಕ್ಕುವುದಿಲ್ಲ. ಇನ್ನೂ ಹೊಟ್ಟೆಕಿಚ್ಚು ಇದೆಯೇ ಎಂದು ಕೇಳಿದರೆ ಮುಚ್ಚಿಡುವುದಿಲ್ಲ.

"ಅದೆ. ದೇವರ ಮುಂದೆ ಯಾಕೆ ಸುಳ್ಳು? ಆದ್ರೆ ಇನ್ಮೇಲೆ ಕಲ್ಲಿನ ಮ್ಯಾಲೆ ತೀರಿಸ್ಕಳಾಕಿಲ್ಲ." ಸೆರಗಿನಿಂದ ಆ ಎಸಳನ್ನು ಒರೆಸುತ್ತಾರೆ. "ಅವರ ಶಾಲು ಅವರಿಗೇ ಇರ್ಲಿ, ಮಂಡಿ ಸವೆಸವ್ರೆ. ಅದರಲ್ಲಿ ನಂಗೆ ಪಾಲು ಬ್ಯಾಡ. ಯಾವತ್ತಾದ್ರೂ ಒಂದಿನ ನನ್ನೆಸರು ಕೂಗಿ ಒಂದು ವೀಳ್ಯ ಕೊಡ್ಲಿ. ಬ್ಯಾರೆಯಾಗೇ ಕೊಡ್ಲಿ."